ಖಾರ್ಟೂಮಿನಲ್ಲಿ ರಾಗಿ ಹುಡುಕಿದ ನಡಿಗೆ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಜಾಡಿಯನ್ನೂ ರಾಗಿ ಹಿಟ್ಟನ್ನೂ ಒಂದೇ ಟ್ರಂಕಿನಲ್ಲಿ ಇಡಬಾರದು. ಎಂಬತ್ತರ ದಶಕದ ಕೊನೆಗೆ, ಸಂಕ್ರಾಂತಿ ಕಳೆದ ಮೇಲೆ, ನಾನು ಶಿಡ್ಲಘಟ್ಟದಿಂದ ಹೊರಟು ಬೊಂಬಾಯಿಯಲ್ಲಿ ವಿಮಾನ ಹತ್ತಿ ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಇಳಿದಾಗ ಜಾಡಿ ಒಡೆದಿತ್ತು. ತಂಗಿಗೆಂದು ತಂದ ಹಿಟ್ಟೆಲ್ಲ ಎಣ್ಣೆ ಕುಡಿದು ಕೆಂಪಗಾಗಿತ್ತು. ಮೊಳಕೆ ಕಟ್ಟಲೆಂದು ಅಮ್ಮ ಬೇರೆಯಾಗಿ ಗಂಟು ಹಾಕಿಕೊಟ್ಟ ಒಂದು ಹಿಡಿ ಕಾಳಷ್ಟೇ ಉಳಿದಿತ್ತು.

ತಂಗಿ ಸರೋಜಳ ಗಂಡ ನಾರಾಯಣಸ್ವಾಮಿ ಗೌರಿಬಿದನೂರಿನವರು, ಖಾರ್ಟೂಮಿನಲ್ಲಿ ವಿಜ್ಞಾನದ ಮೇಷ್ಟ್ರು. ನೈಲ್ ನದಿಯ ಆಚೆ ದಡದ ಒಮ್ದುರ್ಮಾನಿನಲ್ಲಿ ಅವರ ಮನೆ. ಸರೋಜ ಬಸುರಿ. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ; ಕೆನ್ನೆ ಒಳಗೆ ಹೋಗಿತ್ತು. ಟ್ರಂಕು ತೆರೆದದ್ದನ್ನು ನೋಡಿ ಅವಳು ಅಳಲಿಲ್ಲ, ಗೋಡೆಗೊರಗಿ ಕೂತಳು.

"ಮುದ್ದೆ ಒಂದಿದ್ರೆ ಇಲ್ಲೇ ಇರ್ತಿದ್ದೆ ಅಣ್ಣ. ಇನ್ನಾಗಲ್ಲ. ನಿನ್ ಜೊತೇಲೇ ಬಂದ್ಬಿಡ್ತೀನಿ."

ಗಂಡನ ನೌಕರಿಯ ಕರಾರು ಇನ್ನೂ ಮುಗಿದಿರಲಿಲ್ಲ, ಅವರು ಹೊರಡುವಂತಿರಲಿಲ್ಲ. ಮೊದಲ ಹೆರಿಗೆಗೆ ಒಬ್ಬರಿಗೊಬ್ಬರು ದೂರವಾಗುವುದು ಇಬ್ಬರಿಗೂ ಬೇಡವಾಗಿತ್ತು. ರೇಷ್ಮೆ ಗೂಡಿನ ವ್ಯಾಪಾರದಲ್ಲಿ ಬೆಳೆದವನು ನಾನು, ಇಲ್ಲ ಅನ್ನುವ ಮಾರುಕಟ್ಟೆಯನ್ನು ನಂಬುವುದಿಲ್ಲ. ನಾನು ಹೊರಡುವುದರೊಳಗೆ ಈ ಊರಿನಲ್ಲಿ ರಾಗಿ ಹುಡುಕಿಯೇ ಹುಡುಕುತ್ತೇನೆಂದು ಕಾಳಿನ ಗಂಟನ್ನು ಜೇಬಿಗೆ ಹಾಕಿಕೊಂಡೆ. ಟ್ಯಾಕ್ಸಿ ಹತ್ತಿದವನಿಗೆ ಅಂಗಡಿ ಸಾಲು ಕಾಣುತ್ತದೆ, ನೆಲದ ಮೇಲಿಟ್ಟು ಮಾರುವ ಕುಕ್ಕೆಗಳು ಕಾಣುವುದಿಲ್ಲ. ಅದಕ್ಕೇ ನಡೆದೆ.

ಮೊದಲ ದಿನ ಹಳೆಯ ಕಬ್ಬಿಣದ ಸೇತುವೆ ದಾಟಿ ಎರಡು ನೈಲ್‌ಗಳು ಕೂಡುವ ಜಾಗಕ್ಕೆ ಹೋದೆ. ನಮ್ಮ ಕಡೆ ನದಿ ಎಂದರೆ ಮಳೆಗಾಲದಲ್ಲಿ ಒಮ್ಮೆ ಒದ್ದೆಯಾಗುವ ಮರಳು. ಇಲ್ಲಿ ನೀಲಿಯದೊಂದು, ಬೂದಿ ಬಣ್ಣದ್ದೊಂದು, ಎರಡೂ ಪಕ್ಕಪಕ್ಕದಲ್ಲೇ ಹರಿದು ಬಹಳ ದೂರದವರೆಗೂ ಬೆರೆಯುವುದಿಲ್ಲ. ನೋಡಲು ಕಾಸು ಕೊಡಬೇಕಿಲ್ಲ, ಜನವೂ ಇರಲಿಲ್ಲ. ಅಲ್ಲಿಂದ ದೋಣಿಯಲ್ಲಿ ತೂತಿ ಎಂಬ ನಡುಗಡ್ಡೆಗೆ ದಾಟಿದೆ. ಈರುಳ್ಳಿ ಮಡಿ, ನಿಂಬೆ ಗಿಡ, ಕತ್ತೆ ಗಾಡಿ. ಅಲ್ಲಿನ ರೈತನೊಬ್ಬ ನನ್ನ ಕಾಳು ನೋಡಿ ತಲೆಯಾಡಿಸಿ, ಜೋಳ ತಂದು ತೋರಿಸಿದ. ಚೆನ್ನಾದ ಜೋಳವೇ, ಆದರೆ ನನಗೆ ಬೇಕಾದದ್ದಲ್ಲ.

ಮರುದಿನ ಒಮ್ದುರ್ಮಾನಿನ ದಡದಲ್ಲೇ ಉತ್ತರಕ್ಕೆ ನಡೆದೆ. ಬೆಳಿಗ್ಗೆ ಶಾಲು ಬೇಕೆನಿಸುವ ಚಳಿ, ಹತ್ತು ಗಂಟೆಗೆ ನೆತ್ತಿ ಸುಡುವ ಬಿಸಿಲು, ಟೋಪಿ ಮರೆಯಬೇಡಿ. ನೀರಂಚಿನಲ್ಲಿ ದೋಣಿ ಕಟ್ಟುವವರು ಬಾಚಿಯಿಂದ ನಮ್ಮ ಜಾಲಿಯಂಥದೇ ಮರ ಕೆತ್ತುತ್ತಿದ್ದರು. ಅವರಿಗೂ ಕಾಳು ಗೊತ್ತಿಲ್ಲ, ಆದರೆ ಶುಂಠಿ ಹಾಕಿದ ಕಾಫಿ ಕುಡಿಸದೆ ಬಿಡಲಿಲ್ಲ. ಕೊನೆಗೆ ದೊಡ್ಡ ಬಜಾರಿನಲ್ಲಿ ಬಟ್ಟೆ ಅಂಗಡಿಯ ಗುಜರಾತಿ ಮುದುಕರು ಸಿಕ್ಕರು. ಶಿಡ್ಲಘಟ್ಟದ ನೂಲು ಬಿಚ್ಚುವವರಿಂದ ಕಲಿತ ನನ್ನ ಉರ್ದು ಅಲ್ಲಿ ಕೆಲಸಕ್ಕೆ ಬಂತು. ಅವರು ಕಾಳನ್ನು ಬೆಳಕಿಗೆ ಹಿಡಿದು, ಇದಕ್ಕಿಲ್ಲಿ ತೆಲಬೂನ್ ಅನ್ನುತ್ತಾರೆ, ಈ ದೇಶದ ದಕ್ಷಿಣದಿಂದ ಬಂದ ಹೆಂಗಸರು ಸೇತುವೆಯ ಬುಡದಲ್ಲಿ ಮಾರುತ್ತಾರೆ ಅಂದರು. ಮೊದಲ ದಿನ ನದಿ ನೋಡುವ ಆತುರದಲ್ಲಿ ನಾನು ದಾಟಿ ಹೋದ ಸಾಲು ಅದು!

ಸಾಲಿನ ತುದಿಯಲ್ಲಿ ಹಳದಿ ಬಟ್ಟೆಯ ಹೆಂಗಸೊಬ್ಬಳು ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಅಂಗೈಯಲ್ಲಿ ಉಜ್ಜಿ, ಊದಿ, ಒಂದು ಕಾಳು ಕಚ್ಚಿದೆ. ರಾಗಿಯೇ. ಬೆರಳು ಮಡಚಿ ಬಿಚ್ಚಿ ಚೌಕಾಸಿ ನಡೆಯಿತು. ಅವಳೂ ಗಟ್ಟಿಗಿತ್ತಿ, ಸ್ವಲ್ಪವೇ ಇಳಿದಳು. ಬಟ್ಟಲಲ್ಲಿ ಅಳೆದು ಚೀಲಕ್ಕೆ ಸುರಿದಳು. ಅಳತೆ ಮುಗಿದ ಕೂಡಲೇ ನನ್ನ ಕೈ ತನ್ನಷ್ಟಕ್ಕೇ ಕುಕ್ಕೆಗೆ ಹೋಗಿ ಅಳತೆಯ ಮೇಲಿನ ಕೊಸರಿಗೆಂದು ಒಂದು ಹಿಡಿ ಎತ್ತಿ ಚೀಲಕ್ಕೆ ಹಾಕಿತು. ನಮ್ಮ ಸಂತೆಯಲ್ಲಿ ಕೊಸರು ಎತ್ತದವನನ್ನು ಪೆದ್ದ ಅನ್ನುತ್ತಾರೆ.

ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಅವಳು ಚೀಲ ಕಿತ್ತುಕೊಂಡು ಅಷ್ಟೂ ರಾಗಿಯನ್ನು ಕುಕ್ಕೆಗೆ ಮಗುಚಿ, ಮೇಲೆ ಬಟ್ಟೆ ಮುಚ್ಚಿದಳು. ಮೊದಲು ಹೇಳಿದ ಬೆಲೆಯನ್ನೇ ಕೊಡುತ್ತೇನೆಂದು ನೋಟು ಚಾಚಿದೆ. ಮುಖ ತಿರುಗಿಸಿದಳು. ಸಾಲಿನಲ್ಲಿ ಬೇರೆ ಯಾರ ಹತ್ತಿರವೂ ಆ ಕಾಳು ಇರಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದು ನಡೆದದ್ದು ಹೇಳಿದೆ. ಸರೋಜ ನಕ್ಕುಬಿಟ್ಟಳು; ಎಷ್ಟೋ ದಿನದ ಮೇಲಿನ ನಗುವಂತೆ ಅದು. ನಾರಾಯಣಸ್ವಾಮಿ ಬಾಗಿಲಿಗೆ ಬಂದು ನೋಡಿದರೂ ಅವಳು ನಗು ನಿಲ್ಲಿಸಲಿಲ್ಲ.

"ಅವಳ್ ಕುಕ್ಕೇಗೇ ಕೈ ಹಾಕ್ದ್ಯಾ? ಇದೇನ್ ನಮ್ಮೂರ್ ಸಂತೆ ಅಂದ್ಕೊಂಡ್ಯಾ ಅಣ್ಣ? ನಾಳೆ ನಾನೇ ಬರ್ತೀನಿ. ನೀನ್ ಮಾತ್ರ ಕೈ ಕಟ್ಕೊಂಡ್ ನಿಂತ್ಕೊ."

"ಅಷ್ಟ್ ದೂರ ನಡೀತೀಯೇನಮ್ಮ?"

"ಮುದ್ದೆಗಲ್ವಾ, ನಡೀತೀನಿ."

ಮರುದಿನ ಮೂರು ಕಡೆ ಕೂತು ಎದ್ದು ನಡೆದಳು. ಬೇವಿನ ಮರದ ನೆರಳು ಸಿಕ್ಕಲ್ಲೆಲ್ಲ ಅವಳ ಗಂಡ ಬಾಕ್ಸ್ ಹಿಡಿಯೋಣ ಅನ್ನುತ್ತಿದ್ದರು. ಬೆಂಚು ಹಾಕಿದ ಬಾಡಿಗೆ ವ್ಯಾನಿಗೆ ಅಲ್ಲಿ ಹಾಗನ್ನುತ್ತಾರೆ. ಅದರ ಕುಲುಕಾಟಕ್ಕೆ ವಾಂತಿ ಬರುತ್ತದೆಂದು ಅವಳು ಒಪ್ಪಲಿಲ್ಲ. ಹಳದಿ ಬಟ್ಟೆಯವಳು ನನ್ನನ್ನು ಕಂಡವಳೇ ಕುಕ್ಕೆಯನ್ನು ಮಡಿಲಿಗೆ ಎಳೆದುಕೊಂಡಳು. ಸರೋಜ ಅವಳೆದುರು ನೆಲದ ಮೇಲೆ ಕೂತು, ಕಲಿತ ಎರಡು ಅರಬ್ಬಿ ಮಾತಾಡಿ, ಹೊಟ್ಟೆ ಮುಟ್ಟಿ ತೋರಿಸಿದಳು. ಹೆಂಗಸು ನನ್ನನ್ನೂ ಅವಳನ್ನೂ ನೋಡಿದಳು. ಬೆಲೆ ಕೇಳಿದಷ್ಟು ಕೊಟ್ಟದ್ದಾಯಿತು. ಅಳತೆ ಮುಗಿಯಿತು. ನಾನು ಕೈ ಕಟ್ಟಿಕೊಂಡೇ ಇದ್ದೆ. ಆಗ ಅವಳಾಗಿಯೇ ಒಂದು ಹಿಡಿ ತುಂಬಿಕೊಂಡು, ನನ್ನ ಕಣ್ಣಿಗೆ ಕಾಣುವಂತೆ ಎತ್ತಿ ಹಿಡಿದು, ಸರೋಜಳ ಚೀಲಕ್ಕೆ ಸುರಿದಳು. ಕೊಸರು ಅಲ್ಲೂ ಉಂಟು. ಕೊಡುವ ಕೈ ಮಾತ್ರ ಮಾರುವವರದು.

ಸಂಜೆ ಪಕ್ಕದ ಮನೆಯ ಬೀಸುವ ಕಲ್ಲಿನಲ್ಲಿ ಹಿಟ್ಟಾಯಿತು. ಮುದ್ದೆ ಕೊಂಚ ಒರಟು, ಬಣ್ಣ ಕಪ್ಪು. ಅಲ್ಲಿಯ ಲೋಳೆ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿ, ಸರೋಜ ಅಲುಗಾಡದೆ ಕೂತಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಉಳಿಯಿತು. ಇನ್ನರ್ಧ ಮುದ್ದೆ ಕೇಳಿದಳು.

ನಾನು ಹೊರಟ ದಿನ ಅವಳ ಬಟ್ಟೆ ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಅವಳು ಮಾತ್ರ ಮನೆಯಲ್ಲಿರಲಿಲ್ಲ. ಬೆಳಿಗ್ಗೆಯೇ ಪಕ್ಕದ ಮನೆಯಾಕೆಯ ಜೊತೆ ಸಂತೆಗೆ ಹೋದಳೆಂದು ಮೇಷ್ಟ್ರು ಸಂಕೋಚದಿಂದ ಹೇಳಿದರು. ಸಾಮಾನಿದ್ದದ್ದರಿಂದ ಅದೊಂದು ದಿನ ಮಾತ್ರ ಟ್ಯಾಕ್ಸಿ ಹಿಡಿದೆ. ಸೇತುವೆ ಹತ್ತುವಾಗ ಕಿಟಕಿಯಿಂದ ಕೆಳಗೆ ಇಣುಕಿದೆ. ಉದ್ದನೆಯ ಬಟ್ಟೆ ಹೊದ್ದ ಅಷ್ಟು ಹೆಂಗಸರ ನಡುವೆ ಒಂದೇ ಒಂದು ಸೀರೆ ಕಂಡಿತು. ಕೂಗಿದರೂ ಕೇಳುವ ದೂರವಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು, ಅಳತೆಯ ಮೇಲಿನ ಆ ಒಂದು ಹಿಡಿಗಾಗಿ ಅವಳು ಸುಮ್ಮನೆ ಕಾಯುತ್ತಿದ್ದಳು.