ನೀರು ಹಾರಿದಾಗ ಎಳೆಯಬಾರದು

ಕತಾರಿನ ಮೆಸಯೀದಿನ ಕಡಲ ದಂಡೆಯಲ್ಲಿ ಗಾಳ ಹಿಡಿದು ನಿಂತ ಹತ್ತು ಕನ್ನಡಿಗರನ್ನು ಯಾರ ಬಳಿ ಕಲಿತಿರಿ ಎಂದು ಕೇಳಿದರೆ ಒಂಬತ್ತು ಮಂದಿ ರೆಮಿಜಿಯಸ್ ಲೂವಿಸ್ ಎನ್ನುತ್ತಾರೆ. ಹತ್ತನೆಯವರು ರೆಮಿಜಿಯಸ್ ಲೂವಿಸರೇ ಆಗಿರುತ್ತಾರೆ.

ಊರು ಕಲ್ಯಾಣಪುರ. ವಯಸ್ಸು ಐವತ್ತೊಂಬತ್ತು. ಕೆಲಸ ಇಲ್ಲಿನ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ, ಪ್ಯಾನಲಿನ ಮುಂದೆ. ಇಪ್ಪತ್ತೇಳು ವರ್ಷಗಳಲ್ಲಿ ಅವರ ಕುರ್ಚಿ ಮೂರು ಸಲ ಬದಲಾಗಿದೆ, ಅವರು ಬದಲಾಗಿಲ್ಲ. ಶುಕ್ರವಾರ ದೋಹಾದ ಇಗರ್ಜಿಯಲ್ಲಿ ಪೂಜೆ, ಶನಿವಾರ ನಸುಕಿನಲ್ಲಿ ಕಡಲು. ಎರಡಕ್ಕೂ ಒಂದೇ ಇಸ್ತ್ರಿಯ ಅಂಗಿ.

ಅವರು ಕಲಿಸುತ್ತಿದ್ದದ್ದು ನೀರಿನ ಮೇಲೆಯೇ ಓಡಿಸುವ ಹುಸಿಮೀನಿನ ವಿದ್ಯೆ. ಅರ್ಧ ಗೇಣಿನ ಪ್ಲಾಸ್ಟಿಕ್ ಮೀನು, ಹೊಟ್ಟೆಯಡಿ ಕೊಕ್ಕೆಗಳು, ಬಾಯಿ ಬಟ್ಟಲಿನ ಹಾಗೆ ತೆರೆದದ್ದು. ಅಂಗಡಿಯವರು ಇದಕ್ಕೆ ಪಾಪರ್ ಎನ್ನುತ್ತಾರೆ. ತಿಂಗಳಿಗೆ ನಾಲ್ಕನ್ನು ಬಂಡೆಗೆ ಸಿಕ್ಕಿಸಿ ಕಳೆದುಕೊಂಡವರಿಗೆ ಆ ಹೆಸರು ಕನ್ನಡದಲ್ಲೂ ಅರ್ಥವಾಗುತ್ತದೆ.

"ಎಸೆಯುವುದು ಯಾರಿಗೂ ಬರ್ತದೆ. ವಾಪಸ್ ತರುವುದರಲ್ಲಿ ಉಂಟು ಮಾರಾಯ" ಎಂಬುದು ಅವರ ಮೊದಲ ಪಾಠ. ಬಟ್ಟಲುಬಾಯಿಯದ್ದಾದರೆ ಗಾಳದ ರಾಡಿನ ತುದಿ ತಗ್ಗಿಸಿ ಒಂದು ಜಗ್ಗು. ಅದು 'ಗುಳಂ' ಅನ್ನಬೇಕು. ಆಮೇಲೆ ಸುಮ್ಮನಿರಬೇಕು. ನೀರಿನ ಉಂಗುರ ಕರಗುವವರೆಗೆ ಸುಮ್ಮನಿರಬೇಕು. ಬಾಯಿಲ್ಲದ ಕಡ್ಡಿಯಂಥದ್ದಾದರೆ ದಾರವನ್ನು ಸ್ವಲ್ಪ ಸಡಿಲ ಬಿಟ್ಟು ಮಣಿಕಟ್ಟಿನಿಂದ ಚಿಕ್ಕ ಚಿಕ್ಕ ಕುಟುಕು. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತ ಬರುತ್ತದೆ, ಮನೆ ನಂಬರ್ ಹುಡುಕುವ ನೆಂಟರ ಹಾಗೆ. ಕಡಲು ಕನ್ನಡಿಯಂತಿದ್ದರೆ ನಿಧಾನ, ಅಲೆಯಿದ್ದರೆ ಜೋರು. ಮೀನು ಹಸಿವಿನಿಂದ ಮಾತ್ರ ಬರುವುದಲ್ಲ, ಸಿಟ್ಟಿನಿಂದಲೂ ಬರುತ್ತದೆ.

ಕೊನೆಯ ಪಾಠ ಎಲ್ಲಕ್ಕಿಂತ ಮುಖ್ಯ. ನೀರು ಹಾರಿದಾಗ ಎಳೆಯಬಾರದು. ಮೀನು ಮೊದಲು ಬಾಲದಿಂದ ಹೊಡೆದು ನೋಡುತ್ತದೆ. ಗುರಿ ತಪ್ಪಿದರೆ ಮತ್ತೆ ಬರುತ್ತದೆ. ಕೈಗೆ ಭಾರ ಬಂದ ಮೇಲೆಯೇ ರಾಡ್ ಎತ್ತಬೇಕು. ಕಣ್ಣಿಗೆ ಕಂಡದ್ದಕ್ಕೆ ಎತ್ತಿದರೆ ಹುಸಿಮೀನು ಅದರ ಬಾಯಿಂದ ಈಚೆ ಹಾರಿ ನಿಮ್ಮ ಟೋಪಿಗೆ ಸಿಕ್ಕಿಕೊಳ್ಳುತ್ತದೆ.

ಈ ಪಾಠ ಕಲಿತ ಶಿಷ್ಯರೆಲ್ಲ ಮೀನು ಹಿಡಿದರು. ಮೈಸೂರಿನ ಇನ್ಸ್‌ಟ್ರುಮೆಂಟ್ ಎಂಜಿನಿಯರ್ ಮುದ್ದುಕೃಷ್ಣ, ಮೊಟ್ಟೆ ಹಾಕಿದ ಕೇಕನ್ನೂ ತಿನ್ನದವರು, ಮೂರು ಕಿಲೋದ ಕ್ವೀನ್‌ಫಿಶ್ ಹಿಡಿದು ಅದರ ಕ್ಷಮೆ ಕೇಳಿ ನೀರಿಗೆ ಬಿಟ್ಟರು. ಕ್ವೀನ್‌ಫಿಶ್ ಎಂದರೆ ಬೆಳ್ಳಿ ತಗಡಿನಂಥ ಉದ್ದ ಮೀನು. ರಾಣಿಯಾದ್ದರಿಂದ ಒಳ್ಳೆಯ ಮೆರವಣಿಗೆ ಮಾಡಿದವರ ಬಳಿಗೇ ಬರುತ್ತದೆ. ರೆಮಿಜಿಯಸರ ಮೆರವಣಿಗೆಗೆ ಎಲ್ಲರಿಗಿಂತ ಹೆಚ್ಚು ಬರುತ್ತಿತ್ತು. ಗಾಳ ಹಿಡಿದ ಹನ್ನೊಂದು ವರ್ಷಗಳಲ್ಲಿ ಅವರು ಒಂದನ್ನೂ ದಡಕ್ಕೆ ತಂದಿರಲಿಲ್ಲ.

ಕಾರಣ ಗುಟ್ಟೇನಲ್ಲ. ಪ್ಯಾನಲಿನ ಮೇಲೆ ಒಂದು ಕೆಂಪು ದೀಪ ಉಂಟು. ಅದು ಹೊತ್ತಿದರೆ ಯೋಚಿಸಬಾರದು, ಗುಂಡಿ ಒತ್ತಿ ಪ್ಲಾಂಟ್ ನಿಲ್ಲಿಸಬೇಕು. ವರ್ಷಕ್ಕೆ ಆರು ಸಲ ಅದರ ಅಭ್ಯಾಸ. ಒಮ್ಮೆ ದೀಪ ನಿಜವಾಗಿಯೇ ಹೊತ್ತಿದಾಗ ರೆಮಿಜಿಯಸರ ಕೈ ಒಂದೂವರೆ ಸೆಕೆಂಡಿನಲ್ಲಿ ಗುಂಡಿಯ ಮೇಲಿತ್ತು. ಕಂಪನಿ ಗಾಜಿನ ಚೌಕಟ್ಟಿನ ಪ್ರಶಸ್ತಿಪತ್ರ ಕೊಟ್ಟಿತು. ಕಣ್ಣು ಕಂಡದ್ದನ್ನು ತಲೆಗೆ ತಿಳಿಸದೆ ಕೈಗೇ ತಿಳಿಸುವ ಈ ಗುಣ ಕಾರ್ಖಾನೆಯನ್ನು ಉಳಿಸಿತು. ಮೀನುಗಳನ್ನೂ ಉಳಿಸಿತು.

ಈ ಮೇ ತಿಂಗಳಲ್ಲಿ ಅವರ ಫೈನಲ್ ಎಕ್ಸಿಟ್, ಅಂದರೆ ಕೆಲಸ ಮುಗಿಸಿ ಊರಿಗೆ ಮರಳುವ ಕಾಗದ, ಬಂತು. ಕ್ಯಾಂಟೀನ್ ಹಾಲಿನಲ್ಲಿ ಬೀಳ್ಕೊಡುಗೆ, ಅದರಲ್ಲಿ ತೋರಿಸಲು ಫೋಟೊಗಳು. ಅವನ್ನು ಒಟ್ಟು ಮಾಡುವ ಕೆಲಸ ಸ್ಟೋರ್ಸಿನ ಜಾಬಿರನದ್ದು. ಉಳ್ಳಾಲದವನು, ಮೊದಲ ಶಿಷ್ಯ. ಊರಿನ ಪದ್ಧತಿಯಂತೆ ಕ್ರೈಸ್ತರಾದ ಇವರನ್ನು ಅವನು ಪೊರ್ಬುಗಳೇ ಎನ್ನುವುದು, ಮುಸಲ್ಮಾನನಾದ ಅವನನ್ನು ಇವರು ಬ್ಯಾರಿ ಎನ್ನುವುದು. ಜಾಬಿರ್ ಮುನ್ನೂರು ಫೋಟೊ ನೋಡಿದ. ಎಲ್ಲದರಲ್ಲೂ ಯಾರೋ ಮೀನು ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ರೆಮಿಜಿಯಸ್ ಬರಿಗೈಯಲ್ಲಿ ನಗುತ್ತಿದ್ದಾರೆ.

"ಪೊರ್ಬುಗಳೇ, ಒಂದು ಫೋಟೊ ಬೇಕಲ್ಲ, ನೀವೇ ಹಿಡಿದದ್ದು."

"ಬೇಕು."

"ನಾಡಿದ್ದು ನಾನು ಒಂದು ಹಿಡಿಯುತ್ತೇನೆ. ನೀವು ಎತ್ತಿಕೊಳ್ಳಿ. ಕ್ಲಿಕ್, ಖಲಾಸ್. ಮೀನಿನ ಮೇಲೆ ಹೆಸರು ಬರೆದಿರ್ತದಾ?"

"ನೋಡು ಬ್ಯಾರಿ, ಗಂಟೆಗೊಮ್ಮೆ ಲಾಗ್‌ಶೀಟಿನಲ್ಲಿ ರೀಡಿಂಗ್ ಬರೆದವ ನಾನು. ಮೀಟರ್ ನೋಡದೆ ಒಂದು ದಿನ ಬರೆದಿಲ್ಲ. ಈಗ ಬರೆಯುವುದಾ?"

ಗಾಳದವರೆಲ್ಲ ರೀಲು ಸುತ್ತುತ್ತಾರೆ, ಆಮೇಲೆ ರೀಲು ಬಿಡುತ್ತಾರೆ. ರೆಮಿಜಿಯಸ್ ಸುತ್ತುವವರು ಮಾತ್ರ.

ಉಳಿದದ್ದು ಮೂರು ಶನಿವಾರ. ಮೊದಲನೆಯದರಲ್ಲಿ, ನೀರು ಹಾರಿದ ಕೂಡಲೇ ಮನಸ್ಸಿನಲ್ಲಿ ಮೂರು ಎಣಿಸಿ ಎಳೆಯುವುದೆಂದು ನಿರ್ಧರಿಸಿದರು. ಮೀನು ಎರಡು ಸಲ ಬಂತು. ಎರಡು ಸಲವೂ ಎಣಿಕೆ ಸೊನ್ನೆಯಲ್ಲಿ ಮುಗಿಯಿತು. ಎರಡನೆಯ ಶನಿವಾರ ಮೇರಿಮಾತೆಯ 'ನಮಾನ್ ಮೋರಿಯೆ' ಜಪವನ್ನು ಪೂರ್ತಿ ಹೇಳಿ ಎಳೆಯುವುದೆಂದಾಯಿತು. 'ನಮಾನ್' ವರೆಗೆ ಬಂತು. ಮೋರಿಯಮ್ಮನನ್ನು ತಲುಪಲಾಗಲಿಲ್ಲ.

ಅಂದು ಹಿಂದಿರುಗುವಾಗ ಕಾರು ಬಿಡುತ್ತಿದ್ದವರು ಹೆಂಡತಿ ಜೆಸಿಂತಾ. ಹಿಂದಿನ ಸೀಟಿನಲ್ಲಿ ಜಾಬಿರ್ ಇದ್ದುದರಿಂದ ದಂಪತಿ ಕೊಂಕಣಿ ಬಿಟ್ಟು ಕನ್ನಡದಲ್ಲಿ ಮಾತಾಡುತ್ತಿದ್ದರು. ಮುಂದಿನ ಲಾರಿಯ ಕೆಂಪು ದೀಪ ಹೊತ್ತಿತು. ರೆಮಿಜಿಯಸ್ ಪಕ್ಕದ ಸೀಟಿನಲ್ಲಿ, ಇಲ್ಲದ ಬ್ರೇಕನ್ನು ದಡಕ್ಕನೆ ತುಳಿದರು.

"ನೋಡಿದೆಯಾ ಜಾಬಿರ್? ಹದಿನೈದು ವರ್ಷದಿಂದ ಹೀಗೆ. ಆ ಮ್ಯಾಟ್ ತೂತಾಗಿ ಹೋಗಿದೆ" ಎಂದರು ಜೆಸಿಂತಾ. "ಇವರು ನಿದ್ದೆ ಮಾಡಿದರೆ ಮಾತ್ರ ನನಗೆ ನೆಮ್ಮದಿಯ ಡ್ರೈವಿಂಗ್." ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು: "ರೆಮಿ, ನೀವು ಕಣ್ಣು ಮುಚ್ಚಿ ಹಿಡಿಯಿರಿ."

"ಕಣ್ಣು ಮುಚ್ಚಿಯಾ? ಆ ನೀರು ಹಾರುವುದನ್ನು ನೋಡಲಿಕ್ಕೇ ಅಲ್ವಾ ನಾವೆಲ್ಲ ಇದನ್ನು ಮಾಡುವುದು? ಇಲ್ಲದಿದ್ದರೆ ಸಿಗಡಿ ಸಿಕ್ಕಿಸಿ ತಳಕ್ಕೆ ಬಿಟ್ಟು ಕೂತರೆ ಸಾಕಿತ್ತು."

"ಹನ್ನೊಂದು ವರ್ಷ ನೋಡಿದಿರಲ್ಲ. ಒಂದು ದಿನ ನೋಡಬೇಡಿ."

"ಸದ್ದು ಕೇಳ್ತದೆ ಅಕ್ಕಾ," ಎಂದ ಜಾಬಿರ್.

ರೆಮಿಜಿಯಸ್ ಯೋಚಿಸಿದರು. ಕಂಟ್ರೋಲ್ ರೂಮಿನಲ್ಲಿ ಅಲಾರ್ಮಿನ ಸದ್ದು ಪಾಳಿಗೆ ಇನ್ನೂರು ಸಲ ಆಗುತ್ತದೆ. ಅದಕ್ಕೆ ಕೈ ಮಿಸುಕಾಡಬಾರದೆಂದೇ ನಿಯಮ. "ಸದ್ದು ತೊಂದರೆ ಇಲ್ಲ," ಎಂದರು.

ಮೂರನೆಯ ಶನಿವಾರ ಐದು ಗಂಟೆಗೆ ಕಡಲು ನಿದ್ದೆಯಲ್ಲಿತ್ತು. ಜೆಸಿಂತಾ ಮಡಚುವ ಕುರ್ಚಿ, ಚಹಾದ ಫ್ಲಾಸ್ಕ್, ಮತ್ತು ಕಳೆದ ರಜೆಯಲ್ಲಿ ವಿಮಾನದಲ್ಲಿ ಕೊಟ್ಟ ಕಪ್ಪು ಕಣ್ಣುಪಟ್ಟಿ ತಂದಿದ್ದರು. ಬರೀ ಕಣ್ಣು ಮುಚ್ಚುತ್ತೇನೆ ಎಂದ ಗಂಡನನ್ನು ಅವರು ನಂಬಲಿಲ್ಲ. ರೆಮಿಜಿಯಸ್ ಪಟ್ಟಿಯನ್ನು ಹಣೆಗೇರಿಸಿ ಎಸೆಯುವುದು, ಹುಸಿಮೀನು ನೀರಿಗೆ ಬಿದ್ದ ಮೇಲೆ ಕಣ್ಣಿಗಿಳಿಸಿ ವಾಪಸ್ ತರುವುದು. ಜಗ್ಗು, ಸುಮ್ಮನೆ. ಜಗ್ಗು, ಸುಮ್ಮನೆ.

ಅತ್ತ ಚಾಪೆ ಹಾಸಿ ಕುಳಿತಿದ್ದ ಕತಾರಿ ಮುದುಕರೊಬ್ಬರು ಎದ್ದು ಬಂದು ತುಸು ಹೊತ್ತು ನೋಡಿ, "ಶ್ನು ಹಾದಾ?" ಎಂದು ಜಾಬಿರನನ್ನು ಕೇಳಿದರು, ಇದೇನು ಎಂಬಂತೆ.

"ಮಾಫಿ ಮುಶ್ಕಿಲ್, ಬಾಬಾ" ಎಂದ ಜಾಬಿರ್, ತೊಂದರೆಯೇನಿಲ್ಲ ಎಂದು ಕೈಯಾಡಿಸುತ್ತ. ಮುದುಕರು ಹೋಗಲಿಲ್ಲ.

ಹದಿನೆಂಟನೆಯ ಎಸೆತಕ್ಕೆ, ದಡದಿಂದ ಮೂವತ್ತು ಮಾರು ದೂರದಲ್ಲಿ, ನೀರು ಒಡೆಯಿತು.

"ಯಾ ಅಲ್ಲಾ!" ಎಂದರು ಮುದುಕರು. "ಜೇಜು!" ಎಂದರು ಜೆಸಿಂತಾ. ಜಾಬಿರ್ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ರೆಮಿಜಿಯಸ್ ಮಾತ್ರ ಏನೂ ಆಗದವರಂತೆ ಇನ್ನೊಮ್ಮೆ ಜಗ್ಗಿದರು. ನೀರು ಮತ್ತೊಮ್ಮೆ ಒಡೆಯಿತು, ಈ ಸಲ ಮೀನು ಪೂರ್ತಿ ಗಾಳಿಗೆ ಬಂದು ಬಾಗಿ ಬಿತ್ತು. ಅವರ ಮಣಿಕಟ್ಟಿಗೆ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಭಾರ ಬಂತು. ಆಗ ರಾಡ್ ಎತ್ತಿದರು.

ರೀಲು ಕಿರುಚಿತು. ಪಟ್ಟಿಯನ್ನು ಮೇಲಕ್ಕೆ ತಳ್ಳಿ ನೋಡಿದರೆ ದಾರ ಕಡಲಾಚೆಯ ದೇಶಕ್ಕೆ ಹೋಗಲು ಹೊರಟಿತ್ತು. ಇಪ್ಪತ್ತು ನಿಮಿಷ ಬಿಡುವುದು, ತರುವುದು. ಕೊನೆಗೆ ಜಾಬಿರ್ ಮೊಣಕಾಲ ನೀರಿಗಿಳಿದು ಬಾಲ ಹಿಡಿದೆತ್ತಿದ. ಆರು ಕಿಲೋದ ರಾಣಿ.

"ಯಲ್ಲಾ, ಪೊರ್ಬುಗಳೇ, ಎತ್ತಿ ಹಿಡಿಯಿರಿ! ಸ್ವಲ್ಪ ನಗಿ!"

ರೆಮಿಜಿಯಸ್ ಎತ್ತಿ ಹಿಡಿದರು, ಆದರೆ ನಗಲಿಲ್ಲ. ಹೆಂಡತಿಯ ಕಡೆ ತಿರುಗಿದ್ದರು.

"ಹೇಗಿತ್ತು?"

"ಎಂತ ಹೇಗಿತ್ತು?"

"ನೀರು ಹಾರಿದ್ದು."

"ದೊಡ್ಡದಿತ್ತು."

"ದೊಡ್ಡದು ಅಂದರೆ? ಎಷ್ಟು?"

ಜೆಸಿಂತಾ ಎರಡು ಕೈ ಅಗಲಿಸಿ ಏಳು ಲೀಟರಿನ ಕುಕ್ಕರಿನಷ್ಟು ತೋರಿಸಿದರು. ಆಮೇಲೆ ನ್ಯಾಯವಾಗಿ ಇನ್ನೂ ಸ್ವಲ್ಪ ಅಗಲಿಸಿದರು.

"ನೀನು ನೋಡಿದೆಯಾ ಬ್ಯಾರಿ?"

"ನೋಡದೆ? ವಿಡಿಯೊ ಕೂಡ ಮಾಡಿದ್ದೇನೆ." ಜಾಬಿರ್ ಮೊಬೈಲ್ ಹಿಡಿದ. ಅದರಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡ ರೆಮಿಜಿಯಸರ ಮುಖ ಮಾತ್ರ ಇತ್ತು. ಹಿಂದಿನಿಂದ ಯಾರೋ ಬಟ್ಟೆ ಒಗೆದಂಥ ಸದ್ದು, ಎರಡು ಸಲ. ಮುಖ ಅಲ್ಲಾಡಿರಲಿಲ್ಲ.

ರೆಮಿಜಿಯಸ್ ಅದನ್ನು ಮೂರು ಸಲ ನೋಡಿದರು. ಬೀಳ್ಕೊಡುಗೆಗೆ ಬೇಕಾದ ಫೋಟೊ ಆಗಿತ್ತು. ಮೀನು ಐಸ್‌ಪೆಟ್ಟಿಗೆಯಲ್ಲಿತ್ತು. ಮುದುಕರು ಬೆನ್ನು ತಟ್ಟಿ ಹೋಗಿದ್ದರು. ಬಿಸಿಲು ಏರತೊಡಗಿತ್ತು, ಜೆಸಿಂತಾ ಕುರ್ಚಿ ಮಡಚುತ್ತಿದ್ದರು.

"ಒಂದೇ ನಿಮಿಷ," ಎಂದು ರೆಮಿಜಿಯಸ್ ಕಣ್ಣುಪಟ್ಟಿಯನ್ನು ತೆಗೆದು ಜೇಬಿಗಿಟ್ಟರು. ಎಸೆದರು. ಜಗ್ಗು, ಸುಮ್ಮನೆ. ಜಗ್ಗು, ಸುಮ್ಮನೆ. ಐದನೆಯ ಎಸೆತದಲ್ಲಿ ನೀರು ಒಡೆದು ಬಿಳಿಯಾಗಿ ಎದ್ದಿತು, ಅದೇ ಕ್ಷಣ ಅವರ ಕೈ ರಾಡನ್ನು ಆಕಾಶಕ್ಕೆ ಎತ್ತಿತ್ತು. ಹುಸಿಮೀನು ಖಾಲಿಯಾಗಿ ಹಾರಿಬಂದು ಮರಳಿನ ಮೇಲೆ ಬಿತ್ತು.

ಅವರು ತಿರುಗಿ ನೋಡಿದರು.

"ಹೀಗಾ?"

"ಹೀಗೇ," ಎಂದರು ಜೆಸಿಂತಾ. "ಆದರೆ ಅದು ಸ್ವಲ್ಪ ದೊಡ್ಡದಿತ್ತು."

"ಸರಿ ಹಾಗಾದರೆ," ಎಂದು ರೆಮಿಜಿಯಸ್ ದಾರ ಸುತ್ತಿಕೊಳ್ಳತೊಡಗಿದರು.