ಉಳಿದವನ ಸಾಕ್ಷಿ

ಅಪಾಯದಿಂದ ಪಾರಾದವರು ಮುಂದಿನ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳುವುದು ಸಿಂಧನೂರಿನ ನಮ್ಮ ಚಿಕ್ಕ ಕ್ರೈಸ್ತ ಸಭೆಯ ರೂಢಿ. ಏನಾಯಿತೆಂದು ಹೇಳಿ, ಕೊನೆಗೆ ‘ದೇವರು ನನ್ನನ್ನು ಉಳಿಸಿದನು’ ಎನ್ನಬೇಕು. ಕೂಡಲೇ ಎಲ್ಲರೂ ದೇವರಿಗೆ ಕೃತಜ್ಞತೆಯಾಗಿ ‘ಸ್ತೋತ್ರ’ ಎನ್ನುತ್ತಾರೆ. ಹಾವು ಕಚ್ಚಿ ಬದುಕಿದವರು, ಹೆರಿಗೆಯಲ್ಲಿ ಕಷ್ಟಪಟ್ಟವರು ಹೀಗೆ ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದೆ. ನನ್ನ ಸರದಿ ಬಂದಾಗ ಮೂರು ಭಾನುವಾರ ಚರ್ಚಿಗೇ ಹೋಗಲಿಲ್ಲ.

ನಡೆದದ್ದು ಇಷ್ಟು. ಗುರುಗುಂಟಾದ ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ನಾನೂ ನಮ್ಮ ಸಭೆಯ ಒಬ್ಬ ಗೆಳೆಯನೂ ಮಧ್ಯಾಹ್ನ ಬೈಕಿನಲ್ಲಿ ಮರಳುತ್ತಿದ್ದೆವು. ನಾನು ಶಾಲೆಯ ಮಾಸ್ತರ. ಅವನು ನೀರೆತ್ತುವ ಮೋಟರುಗಳ ರಿಪೇರಿ ಮಾಡುತ್ತಿದ್ದ. ಲಿಂಗಸುಗೂರು ದಾಟಿ ಮಸ್ಕಿಯವರೆಗೆ ಗಾಡಿ ನಡೆಸಿದವನು ನಾನು. ಮಸ್ಕಿಯಲ್ಲಿ ಚಹಾ ಕುಡಿದ ಮೇಲೆ ಅವನು ಕೀಲಿ ಕಸಿದುಕೊಂಡ.

“ಹಿಂದ ಕೂಡ್ರಿ ಮಾಸ್ತರ. ನಿಮ್ಮ ಕೈಯಾಗ ಗಾಡಿ ಕೊಟ್ರ ಎಮ್ಮಿ ನಮ್ಮನ್ನ ದಾಟಿ ಹೋಗ್ತಾವ.”

ನಾನು ನಗುತ್ತಾ ಹಿಂದೆ ಕೂತೆ. ಭತ್ತದ ಗದ್ದೆಗಳು ಶುರುವಾಗುವಲ್ಲಿ ಮುಂದಿನ ಟೈರು ಸಿಡಿಯಿತು. ನಾನು ಬಿದ್ದದ್ದು ನೀರು ನಿಂತ ಗದ್ದೆಯ ಕೆಸರಿಗೆ. ಅವನು ಬಿದ್ದದ್ದು ರಸ್ತೆ ಬದಿಯ ಕಲ್ಲಿನ ಮೇಲೆ. ನಮ್ಮಿಬ್ಬರ ನಡುವೆ ನಾಲ್ಕು ಹೆಜ್ಜೆ ಇತ್ತು. ಆ ನಾಲ್ಕು ಹೆಜ್ಜೆ ನಡೆದು ಹತ್ತಿರ ಹೋಗುವಷ್ಟರಲ್ಲಿ ಅವನಿಗೆ ಉಸಿರಿರಲಿಲ್ಲ. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಅವನ ತಾಯಿ ಪ್ರತಿ ಭಾನುವಾರ ಹೆಂಗಸರ ಚಾಪೆಯ ಮೊದಲ ಸಾಲಿನಲ್ಲಿ ಕೂರುತ್ತಾಳೆ. ಗಂಡನಿಲ್ಲದ ಆಕೆಗೆ ಇದ್ದವನು ಅವನೊಬ್ಬನೇ ಮಗ. ಆಕೆಯ ಎದುರಿಗೆ ನಿಂತು ದೇವರು ನನ್ನನ್ನು ಉಳಿಸಿದನೆಂದು ಹೇಗೆ ಹೇಳಲಿ? ಹೇಳಿದರೆ, ಅವನನ್ನು ಉಳಿಸಲಿಲ್ಲವೆಂದೂ ಹೇಳಿದಂತೆ. ದೇವರ ರಾಜ್ಯ ಬರಲಿ ಎಂದು ಚಿಕ್ಕಂದಿನಿಂದ ಬೇಡಿಕೊಂಡವನು ನಾನು. ಆ ರಾಜ್ಯ ಹೀಗೂ ನಡೆಯುವುದಾದರೆ ಅದನ್ನು ಇನ್ನು ಬೇಡಲು ನನಗೆ ಬಾಯಿ ಬರಲಿಲ್ಲ.

ಮೂರನೆಯ ಭಾನುವಾರ ಸಂಜೆ ಆಕೆಯೇ ಮನೆಗೆ ಬಂದಳು. ರೊಟ್ಟಿ ಬಡಿದು ಮಾರುವ ಹೆಂಗಸು; ಉಗುರುಗಳಲ್ಲಿ ಜೋಳದ ಹಿಟ್ಟು ಇನ್ನೂ ಇತ್ತು.

“ಯಾಕ ಬರವಲ್ರಿ ಮಾಸ್ತರ? ಹಾಡಿನಾಗ ತಾಳ ತಪ್ಪಿಸೋರು ಇಲ್ದ ಚರ್ಚು ಭಣಭಣ ಅನ್ನಾಕತ್ತೈತಿ.”

ನನಗೆ ನಗು ಬರಲಿಲ್ಲ. “ನಿಮ್ಮ ಮುಂದ ನಿಂತು ಏನಂತ ಹೇಳ್ಲಿ ಅವ್ವಾ?” ಎಂದೆ.

“ಆಗಿದ್ದು ಹೇಳ್ರಿ.”

“ದೇವರು ಉಳಿಸ್ಯಾನ ಅಂತ?”

“ಮತ್ತ? ನಿಮ್ಮ ಹೆಡ್‌ಮಾಸ್ತರ ಉಳಿಸ್ಯಾನೇನು?”

ಆಕೆ ಉಗುರಿನ ಹಿಟ್ಟು ಕೆರೆದು ತೆಗೆದಳು. ಆಮೇಲೆ ಮೆಲ್ಲಗೆ ಹೇಳಿದಳು: “ನನಗ ಸಿಟ್ಟಿಲ್ಲಂತ ಅನ್ಕೋಬ್ಯಾಡ್ರಿ. ದಿನಾ ದೇವರ ಜೋಡಿ ಜಗಳಾಡ್ತೀನಿ. ಅದು ಆತನ ರಾಜ್ಯ, ನನಗ ತಿಳಿಯಂಗಿಲ್ಲ. ತಿಳಿಯಂಗಿಲ್ಲಂತ ನನ್ನ ಮಗನ್ನ ಆತನ ಕೈಯಾಗಿಂದ ಕಸಗೊಂಡು ಎಲ್ಲಿ ಇಡ್ಲಿ? ನೀವು ಹಿಂಗ ಸುಮ್ಮ ಕುಂತ್ರ, ನೀವು ಉಳಿದಿದ್ದೇ ತಪ್ಪು ಅಂದಂಗ ಆಕ್ಕೈತಿ. ಅದನ್ನ ನಾ ಕೇಳ್ಕೊಂಡು ಇರಂಗಿಲ್ಲ.”

ಮುಂದಿನ ಭಾನುವಾರ ಎದ್ದು ನಿಂತೆ. ಗುರುಗುಂಟಾದಿಂದ ಹಿಡಿದು ಒಂದೊಂದನ್ನೇ ಹೇಳಿದೆ. ಅವನು ಆಡಿದ ಕಡೆಯ ತಮಾಷೆಯನ್ನೂ ಬಿಡಲಿಲ್ಲ; ಅದು ಆಕೆಗೆ ಸೇರಬೇಕಾದದ್ದು. ಕೊನೆಯ ವಾಕ್ಯಕ್ಕೆ ಬಂದಾಗ ಮೊದಲ ಸಾಲಿನತ್ತ ನೋಡಿದೆ. ಅದನ್ನೂ ಹೇಳಿದೆ. ಯಾರೂ ಸ್ತೋತ್ರ ಎನ್ನಲಿಲ್ಲ. ಪಾಸ್ಟರರೂ ತಲೆ ತಗ್ಗಿಸಿದ್ದರು.

ಆಗ ಮೊದಲ ಸಾಲಿನಿಂದ ಆಕೆಯೊಬ್ಬಳೇ ‘ಸ್ತೋತ್ರ’ ಎಂದಳು. ದನಿ ಎತ್ತರಿಸಲಿಲ್ಲ, ನಡುಗಲೂ ಇಲ್ಲ. ಒಮ್ಮೆ ಉಸಿರೆಳೆದುಕೊಂಡು, ಅದೇ ದನಿಯಲ್ಲಿ ಇನ್ನೊಮ್ಮೆ ಎಂದಳು.

ಎರಡನೆಯದು ಯಾರ ಸಲುವಾಗಿ ಎಂದು ಅಲ್ಲಿದ್ದ ಯಾರೂ ಕೇಳಬೇಕಿರಲಿಲ್ಲ. ನಾನು ಇದ್ದಲ್ಲೇ ಮೊಣಕಾಲೂರಿದೆ.