ಒಂದೇ ಥಾನಿನ ಬ್ರೇಕು

ಮರಿಬಸಪ್ಪ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಜನರ ಕಟಿ ನೋಡಿಯೇ ಕಟಿಂಗ್ ಹೇಳಬಲ್ಲ ಮನುಷ್ಯ. ಬಟ್ಟೆಯ ಥಾನು ಬಿಚ್ಚಿ ಪದರದ ಮೇಲೆ ಪದರ ಹಾಸಿ, ಬಳಪದ ಗೆರೆ ಎಳೆದು ಯಂತ್ರ ಓಡಿಸಿದನೆಂದರೆ ಪ್ಯಾಂಟುಗಳ ಎಡಗಾಲುಗಳೆಲ್ಲ ಒಟ್ಟಿಗೆ ಹುಟ್ಟುತ್ತಿದ್ದವು. ಅವನದು ಒಂದೇ ಹಟ: ಒಂದು ಕೆಲಸಕ್ಕೆ ಒಂದೇ ಥಾನು. ಎರಡು ಥಾನು ಬೆರೆತರೆ ಒಗೆದ ಮೇಲೆ ಒಂದು ಕಾಲು ನೀಲಿ, ಇನ್ನೊಂದು ಕಾಲು ನೇರಳೆ.

ಹೆಂಡತಿ ಮೀನಾಕ್ಷಿಯ ತಂಗಿ ಶಾಂಭವಿಯನ್ನು ಸಿರುಗುಪ್ಪದ ಶಶಿಕಾಂತನಿಗೆ ಕೊಟ್ಟಿತ್ತು. ಅಲ್ಲಿ ಅವನದು ಗೊಬ್ಬರದ ಅಂಗಡಿ. ಈ ಇಬ್ಬರು ಷಡ್ಡಕರಿಗೂ ಒಂದೇ ವರ್ಷ ಸಕ್ಕರೆ ಕಾಯಿಲೆ ಬಂತು. ಸಿಹಿ ಬಿಟ್ಟರು, ಒಂದೇ ನಮೂನೆಯ ಗೇರ್ ಸೈಕಲ್ಲು ಹಿಡಿದರು. ಅಣ್ಣತಮ್ಮಂದಿರಲ್ಲೂ ಅಷ್ಟು ಸಿಹಿ ಇರಲಿಲ್ಲ.

ಬಳ್ಳಾರಿಯ ಕೆಂಪು ಧೂಳು ಎಣ್ಣೆಗೆ ಸೇರಿದರೆ ಕುಂಕುಮದ ಕೆಸರಾಗುತ್ತದೆ. ಬ್ರೇಕ್ ವೈರು, ಗೇರ್ ವೈರು ಎರಡೂ ಕೊಳವೆಯೊಳಗೇ ಕೂತು ಮುಷ್ಕರ ಹೂಡುತ್ತವೆ. ಅದಕ್ಕಾಗಿ ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಕುರುಗೋಡಿನ ಅತ್ತೆ ದೊಡ್ಡಬಸಮ್ಮನ ಮನೆಯ ಕಟ್ಟೆಯ ಮೇಲೆ ಎರಡೂ ಸೈಕಲ್ಲಿಗೆ ಹೊಸ ವೈರು ಬೀಳುತ್ತಿತ್ತು. ಶಶಿಕಾಂತ ಬ್ರೇಕ್ ರಬ್ಬರುಗಳನ್ನು ರಿಮ್ಮಿಗೆ ಒತ್ತಿ ಹಿಡಿಯುವುದು, ಮರಿಬಸಪ್ಪ ವೈರು ಜಗ್ಗಿ ನಟ್ಟು ಬಿಗಿಯುವುದು. ಹಿರಿಯಳಿಯನ ಕೆಲಸ ನೋಡಲು ಅತ್ತೆ ಹೊಸ್ತಿಲಲ್ಲಿ ಕೂಡುತ್ತಿದ್ದಳು.

“ಭಾರಿ ಆಗೈತಣ್ಣಾ,” ಎನ್ನುತ್ತಿದ್ದ ಶಶಿಕಾಂತ, ವರ್ಷವರ್ಷವೂ.

ಬ್ರೇಕಿಗೆ ದಪ್ಪ ವೈರು, ಗೇರಿಗೆ ಸಣ್ಣ ವೈರು ಎಂಬುದು ಮರಿಬಸಪ್ಪನಿಗೆ ಗೊತ್ತಿತ್ತು. ಆದರೆ ವೈರು ತೂರುವ ಕರಿ ಕೊಳವೆಯನ್ನು, ಅಂಗಡಿಯವರು ಔಟರ್ ಅನ್ನುವುದನ್ನು, ಅವನು ಎರಡಕ್ಕೂ ಒಂದೇ ಸುರುಳಿಯಿಂದ ಕತ್ತರಿಸುತ್ತಿದ್ದ. ಅದು ಗೇರಿನ ಔಟರ್. ಎಷ್ಟು ಜಗ್ಗಿದರೂ ಕುಗ್ಗುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಕುಗ್ಗದ ಮಾಲು ಎಂದರೆ ಜೀನ್ಸಿನವನಿಗೆ ಇನ್ನೇನು ಬೇಕು? ಬ್ರೇಕಿನ ವೈರು ಅದರೊಳಗೆ ತುಸು ಬಿಗಿಯಾಗಿ ತೂರಿತು. ಬಿಗಿ ಪ್ಯಾಂಟಿನ ಕಾಲವಿದು, ಅದೂ ಒಳ್ಳೆಯದೇ ಅನ್ನಿಸಿತು. ಔಟರ್ ಬಲ್ಲವನಿಗೆ ಇನ್ನರ್ ತಿಳಿಯಲಿಲ್ಲ.

ಈ ಸಲದ ಸುಗ್ಗಿಯಲ್ಲಿ ಇಬ್ಬರೂ ಸಿರುಗುಪ್ಪದಿಂದ ಕರೂರಿನ ಕಡೆ ಹೊರಟಿದ್ದರು. ಕಾಲುವೆ ಸೇತುವೆ ಇಳಿಯುವಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಗಹಾಕಿತ್ತು. ಎದುರಿಗೆ ಟ್ರ್ಯಾಕ್ಟರ್ ಬಂತು. ಶಶಿಕಾಂತ ಬ್ರೇಕ್ ಒತ್ತಿ ನಿಂತ. ಮರಿಬಸಪ್ಪನೂ ಒತ್ತಿದ. ಟಪ್ಪೆಂದಿತು. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ಅಂಟಿಕೊಂಡಿತು, ಸೈಕಲ್ಲು ಭತ್ತಕ್ಕೆ ನುಗ್ಗಿತು.

ಭತ್ತ ಕಾಯುತ್ತಿದ್ದ ಮುದುಕಿ ಪೊರಕೆ ಎತ್ತಿದಳು. “ಎಪ್ಪಾ, ಭತ್ತ ಕಾಲಾಗ ತಿರುವ್ತಾರ. ನೀವೇನ್ರಿ, ಮೈಯೆಲ್ಲಾ ಹಾಕಿ ತಿರುವಾಕ ಹತ್ತೀರಿ!”

ಶಶಿಕಾಂತ ಓಡಿ ಬಂದ. “ಅಣ್ಣಾ, ಏಟಾತೇನು? ಒಂದಿಲ್ಲ ಒಂದಿನ ಇದು ಸೀಳತೈತಿ ಅಂತ ನಂಗ ಗೊತ್ತಿತ್ತಣ್ಣಾ!”

ಮರಿಬಸಪ್ಪ ಬಾಯೊಳಗಿನ ಭತ್ತ ಉಗುಳಿದ. “ಏನು ಗೊತ್ತಿತ್ತು?”

ಶಶಿಕಾಂತ ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿದ. ಔಟರ್ ಸೀಳಿತ್ತು. ಒಳಗಿನ ನೇರ ತಂತಿಗಳು ಹರಿದ ಜೀನ್ಸಿನ ಮೊಣಕಾಲಿನ ಎಳೆಗಳಂತೆ ಹೊರಬಂದಿದ್ದವು. ಮರಿಬಸಪ್ಪ ಕುಂಟುತ್ತ ಶಶಿಕಾಂತನ ಸೈಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಅದರ ಬ್ರೇಕಿನ ಔಟರಿನ ತುದಿಯಲ್ಲಿ ಕಂಡದ್ದು ನೇರ ತಂತಿಯಲ್ಲ, ಸ್ಪ್ರಿಂಗಿನಂತೆ ಸುತ್ತಿದ ಪಟ್ಟಿ.

“ಇದು ನಾ ಹಾಕಿದ್ದಲ್ಲ.”

“ಅಂಗಡ್ಯಾಗ ಹಾಕ್ಸಿದ್ದೆ. ಹಬ್ಬ ಆದ ಮ್ಯಾಲ.”

“ಈ ವರ್ಷಾ?”

“ಪ್ರತಿ ವರ್ಷ, ಅಣ್ಣಾ. ಗೇರಿನ ಔಟರ್ ಬ್ರೇಕಿಗೆ ತಡಿಯಂಗಿಲ್ಲ ಅಂತ ಅಂಗಡಿಯಂವ ಅಂದಿದ್ದ.”

“ಮತ್ತ ನಂದು?”

“ನೀವು ಹಿರೀ ಅಳಿಯ. ಅತ್ತಿ ಕುಂತು ನೋಡ್ತಿರತಾಳ. ತಪ್ಪೈತಿ ಅಂತ ಆಕಿ ಮುಂದ ಹೆಂಗ ಹೇಳ್ಲಿ?”

“ಆಕಿ ಮುಂದ ಯಾಕ ಹೇಳಬೇಕಲೇ? ನನ್ನ ಮುಂದ ಹೇಳಬೇಕಿತ್ತು!”

“ನಿಮಗ ಬ್ಯಾಸರ ಆಗಬಾರದು ಅಂತ…” ಶಶಿಕಾಂತ ತಡವರಿಸಿದ. “ಕರೀದೇ ಹಾಕ್ರಿ, ಅಣ್ಣ ಕತ್ತರಿಸಿದಷ್ಟೇ ಉದ್ದ ಹಾಕ್ರಿ ಅಂತ ಹೇಳಿ ಹಾಕ್ಸತಿದ್ದೆ.”

ಏಟಿಗಿಂತ ಇದು ಹೆಚ್ಚು ಉರಿಯಿತು. ತನ್ನ ಕಟಿಂಗಿನ ಅಳತೆ ಹಿಡಿದೇ ತನ್ನ ಕಣ್ಣಿಗೆ ಪಟ್ಟಿ ಹೊಲಿದಿದ್ದ! ಇವನ ಬ್ರೇಕಿಗೆ ಅಂಗಡಿಯ ಭದ್ರತೆ, ಅಣ್ಣನ ಬ್ರೇಕಿಗೆ ಬರೀ ಭಕ್ತಿ. ಮರಿಬಸಪ್ಪ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಬಳ್ಳಾರಿಗೆ ಬಂದ.

ಮೀನಾಕ್ಷಿ ಮೊಣಕಾಲಿಗೆ ಅರಿಶಿಣ ಹಚ್ಚುತ್ತಿದ್ದಾಗ ಕೇಳಿದ: “ಶಶಿ ಹಬ್ಬದ ಮ್ಯಾಲ ಅಂಗಡಿಗೆ ಹೋಗ್ತಿದ್ದದ್ದು ನಿನಗ ಗೊತ್ತಿತ್ತೇನು?”

ಅವಳ ಕೈ ನಿಂತಿತು. “ಶಾಂಭವಿ ಒಮ್ಮೆ ಅಂದಿದ್ಲು. ಯಾಕ ಅಂತ ನಾ ಕೇಳಲಿಲ್ಲರೀ. ಹಬ್ಬದಾಗ ನೀವು ಅಷ್ಟು ಖುಷಿಲೇ ಇರತಿದ್ರಿ.”

“ಹೌದು, ತಡೆ ಇಲ್ಲದ ಖುಷಿ,” ಎಂದ. ಇಬ್ಬರೂ ನಗಲಿಲ್ಲ.

ಮೊಣಕಾಲು ಒಣಗಿದ ಮೇಲೆ ಅಂಗಡಿಯಿಂದ ಎರಡೂ ಬಗೆಯ ಔಟರ್ ತಂದು, ಒಂದೊಂದು ತುಂಡನ್ನು ಬ್ಲೇಡಿನಿಂದ ಸೀಳಿ ನೋಡಿದ. ಗೇರಿನದರಲ್ಲಿ ತಂತಿಗಳು ಸಾಲಾಗಿ ನಿಂತಿವೆ. ಅದಕ್ಕೇ ಕುಗ್ಗುವುದಿಲ್ಲ, ಗೇರು ತಪ್ಪುವುದಿಲ್ಲ. ಆದರೆ ಜೋರಾಗಿ ಜಗ್ಗಿದರೆ ಅವನ್ನು ಹಿಡಿದಿಟ್ಟಿರುವುದು ಬರೀ ಪ್ಲಾಸ್ಟಿಕ್. ಬ್ರೇಕಿನದರಲ್ಲಿ ಸುತ್ತಿದ ಪಟ್ಟಿ. ತುಸು ಕುಗ್ಗಿದರೂ ಒಡೆಯುವುದಿಲ್ಲ. ಗೇರಿಗೆ ಗೇರಿನದು, ಬ್ರೇಕಿಗೆ ಬ್ರೇಕಿನದು ಕತ್ತರಿಸಿದ. ತುದಿಗಳನ್ನು ಅರದಿಂದ ಚಪ್ಪಟೆ ಮಾಡಿ, ಮುಚ್ಚಿಹೋದ ಬಾಯಿಯನ್ನು ದಬ್ಬಳದಿಂದ ಬಿಡಿಸಿ, ಹೊಸ ವೈರು ತೂರಿಸಿದ. ರಬ್ಬರುಗಳನ್ನು ಪ್ಯಾಂಟಿನ ಇಲಾಸ್ಟಿಕ್‌ನಿಂದ ರಿಮ್ಮಿಗೆ ಬಿಗಿದು, ವೈರು ಜಗ್ಗಿ, ಒಬ್ಬನೇ ನಟ್ಟು ತಿರುಗಿಸಿದ. ಬ್ರೇಕನ್ನು ಬಲವಾಗಿ ಹಿಂಡಿ ಸಡಿಲಾದದ್ದನ್ನು ಮತ್ತೆ ಬಿಗಿದ.

ಆ ವಾರದ ಭಾನುವಾರ ಶಶಿಕಾಂತ ಬಸ್ಸು ಹತ್ತಿ ಬಂದ. ಅಂಗಳದಲ್ಲಿ ನಿಂತು ಸೈಕಲ್ಲು ನೋಡಿದ.

“ಭಾರಿ ಆಗೈತಣ್ಣಾ.”

“ಹೌದೇನು? ಹಂಗಾದ್ರ ತಗೊಂಡು ರೈಲ್ವೆ ಮೇಲ್ಸೇತುವೆ ಹತ್ತಿ ಇಳದು ಬಾ.”

“ಈಗಾ?”

“ಭಾರಿ ಆಗೈತಿ ಅಂದೆಲ್ಲ.”

ಶಶಿಕಾಂತ ಹ್ಯಾಂಡಲ್ ಹಿಡಿದ. ಹತ್ತಲಿಲ್ಲ. ಬಗ್ಗಿ ಔಟರಿನ ತುದಿ ನೋಡಿದ, ಉಗುರಿನಿಂದ ಕೆರೆದ. ಮುಂದಿನ ಬ್ರೇಕು ಒತ್ತಿದ, ಹಿಂದಿನದು ಒತ್ತಿದ, ಮತ್ತೆ ಮುಂದಿನದು ಒತ್ತಿದ. ಆಮೇಲೆ ಕಾಲೆತ್ತಿದ.

“ಬಿಡು,” ಎಂದು ಮರಿಬಸಪ್ಪ ಹ್ಯಾಂಡಲ್ ಕಸಿದುಕೊಂಡ.

“ಹೊಂಟಿದ್ದೆನಲ್ಲಣ್ಣಾ! ಖರೇನೇ ಭಾರಿ ಆಗೈತಿ. ಈ ಸಲ ಖರೇನೇ.”

“ಒಳಗ ನಿಮ್ಮ ಅಕ್ಕ ಚಾ ಇಟ್ಟಾಳ. ಕುಡದು ಬಸ್ಸಿಗೆ ಹೋಗು.”

ಮರಿಬಸಪ್ಪ ತಾನೇ ಹೋದ. ಮೇಲ್ಸೇತುವೆ ಏರಿ, ಇಳಿಜಾರಿನ ನಡುವೆ ಎರಡೂ ಬ್ರೇಕು ಒತ್ತಿದ. ಸೈಕಲ್ಲು ನಿಂತೇಬಿಟ್ಟಿತು. ಹಿಂದಿದ್ದ ಆಟೋದವನು ಕಿರಿಚಿದ: “ಏನ್ ಬ್ರೇಕಲೇ ಅದು! ನಡುರೋಡಿನಾಗ ಗೂಟ ಹೊಡದಂಗ ನಿಂದ್ರತೀಯಲ್ಲೋ, ಮುದುಕಾ!”

ಎಷ್ಟೋ ವರ್ಷಗಳಲ್ಲಿ ತನ್ನ ಕೆಲಸದ ಬಗ್ಗೆ ಕೇಳಿದ ಮಾತುಗಳಲ್ಲಿ ಮರಿಬಸಪ್ಪ ಅದೊಂದನ್ನೇ ನಂಬಿದ.